ಇಪ್ಪತ್ತೊಂದರ ಪೀಪಾಯಿ

ಭಾವ ತಾವಾಗಿಯೇ ಮಾದರಿಯ ಬಾಟಲಿ ಹಿಡಿದು ಬಂದಾಗಲೇ ಅವಳ ತಲೆಗೆ ಹುಳ ಹೊಕ್ಕಿತು. ವಿಸ್ಕಿ ಕಾರ್ಖಾನೆಯಲ್ಲಿ ರುಚಿ ನೋಡಿ ತೀರ್ಪು ಬರೆಯುವ ಕೆಲಸಕ್ಕೆ ಅವಳು ಸೇರಿ ಹದಿನಾರು ವರ್ಷ. ಅಷ್ಟೂ ವರ್ಷ ಅವಳೇ ಉಗ್ರಾಣಕ್ಕಿಳಿದು ಪೀಪಾಯಿಯಿಂದ ತೆಗೆದುಕೊಂಡು ಬರುವುದು ರೂಢಿ. ಉಗ್ರಾಣ ನೋಡಿಕೊಳ್ಳುವ ಭಾವ, ಅಂದರೆ ಅಕ್ಕನ ಗಂಡ, ಬೀಗ ತೆಗೆದು ಬಾಗಿಲಲ್ಲಿ ನಿಲ್ಲುತ್ತಿದ್ದರೇ ಹೊರತು ಕೈ ಅಲ್ಲಾಡಿಸಿದವರಲ್ಲ.

“ನಿನ್ನ ಮಂಡಿನೋವಿಗೆ ಯಾಕಮ್ಮ ಮೆಟ್ಟಿಲು ಹತ್ತಿ ಇಳಿಯೋದು ಅಂತ ನಾನೇ ತಂದೆ,” ಎಂದರು.

ಅವಳ ಮಂಡಿನೋವು ವಾಸಿಯಾಗಿ ಎರಡು ವರ್ಷವಾಗಿತ್ತು.

ಶುಕ್ರವಾರ ಭಾವನ ನಿವೃತ್ತಿ. ಇಲ್ಲಿಗೆ ಸೇರಿದ ವರ್ಷ ಅವರು ಕೈಯಾರೆ ತುಂಬಿಟ್ಟ ಪೀಪಾಯಿಗೆ ಈಗ ಇಪ್ಪತ್ತೊಂದು. ಅವಳು ವಯಸ್ಸು, ರುಚಿಯ ಅಂಕ ಬರೆದು ಸಹಿ ಹಾಕಿದರೆ, ಬೀಳ್ಕೊಡುಗೆಯ ದಿನ ಎಲ್ಲರೆದುರು ಅದನ್ನು ತೆರೆದು, ಬಾಟಲಿಗಳ ಮೇಲೆ ಅವರ ಹೆಸರು ಹಾಕುತ್ತಾರೆ. ಆಯಿತೇನೇ, ಸಹಿ ಆಯಿತೇನೇ ಎಂದು ಅಕ್ಕ ಬೆಳಗಿನಿಂದ ಎರಡು ಸಲ ಫೋನು ಮಾಡಿದ್ದಳು.

ಅವಳು ಕಿರಿದಾದ ಬಾಯಿಯ ಗ್ಲಾಸಿಗೆ ಎರಡು ಬೆರಳಷ್ಟು ಸುರಿದಳು. ಬಣ್ಣ ಚೆನ್ನಾಗಿತ್ತು. ಮೂಗು ಹತ್ತಿರ ತಂದರೆ ಒಣದ್ರಾಕ್ಷಿ, ಹಳೆಯ ಬೀರುವಿನೊಳಗಿನ ಮರ, ಕಿತ್ತಳೆ ಸಿಪ್ಪೆ. ನಾಲಿಗೆಯ ಮೇಲೆ ರೇಷ್ಮೆ. ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸಿದಳು. ಆಗ ಅಡಿಯಿಂದ ಇನ್ನೊಂದು ಮೆಲ್ಲಗೆ ಎದ್ದು ಬಂತು: ಹಸಿರು ಸೇಬು ಕಚ್ಚಿದ ಹಾಗೆ. ಇಪ್ಪತ್ತೊಂದು ವರ್ಷ ಮರದೊಳಗೆ ಮಲಗಿದ್ದಕ್ಕೆ ಇಷ್ಟು ಎಳಸು ವಾಸನೆ ಎಲ್ಲಿಂದ?

ಭಾವ ಅಷ್ಟರಲ್ಲಿ ಮೂರನೆಯ ಜೋಕು ಹೇಳಿ ತಾವೇ ನಕ್ಕಿದ್ದರು. ವಾರಕ್ಕೊಂದು ಮಾತಾಡುವ ಮನುಷ್ಯ. ಅವಳಿಗೆ ತನ್ನ ಮೂಗಿನ ಮೇಲೇ ಅನುಮಾನ ಬಂತು, ನೆಗಡಿ ಏನಾದರೂ ಬರುತ್ತಿದೆಯೇ ಎಂದು. ಬಾಯಿ ಮುಕ್ಕಳಿಸಿ ಮತ್ತೆ ನೋಡಿದಳು. ಸೇಬು ಅಲ್ಲೇ ಇತ್ತು.

“ಉಗ್ರಾಣಕ್ಕೆ ಹೋಗ್ಬರೋಣ ಬನ್ನಿ,” ಎಂದಳು. ಕೀಲಿ ಮನೆಯಲ್ಲೇ ಉಳಿಯಿತೇನೋ ಎಂದು ಅವರು ಜೇಬು ತಡವಿದರು. ಕೀಲಿಗೊಂಚಲು ಸೊಂಟದಲ್ಲೇ ಜೋತಾಡುತ್ತಿತ್ತು.

ಭಾವನ ಪೀಪಾಯಿ, ಅದೇ ದಿನ ತುಂಬಿದ ಇನ್ನೊಂದು, ಎರಡೂ ಅಕ್ಕಪಕ್ಕ ಮಲಗಿದ್ದವು. ವರ್ಷವರ್ಷವೂ ಒಂದಿಷ್ಟು ಆವಿಯಾಗಿ ಹೋಗುವುದರಿಂದ ಹಳೆಯದು ಖಾಲಿಯಾಗುತ್ತಲೇ ಇರಬೇಕು. ಅವಳು ಮರದ ಸುತ್ತಿಗೆಯಿಂದ ಪಕ್ಕದ್ದರ ಮುಖ ತಟ್ಟಿದಳು. ಮೇಲಿನಿಂದ ಹೆಚ್ಚುಕಡಿಮೆ ನಡುವಿನವರೆಗೂ ಟೊಳ್ಳು ಸದ್ದು. ಭಾವನ ಪೀಪಾಯಿ ಒಂದು ಗೇಣು ಇಳಿಯುವಷ್ಟರಲ್ಲೇ ತುಂಬಿದ ಸದ್ದು ಕೊಟ್ಟಿತು.

ಅವಳು ಸುತ್ತಿಗೆ ಕೆಳಗಿಟ್ಟಳು. ಮಕ್ಕಳು ತಪ್ಪು ಮಾಡಿ ಬಂದಾಗಲೂ ಅವಳು ಹೀಗೆಯೇ ಸುಮ್ಮನೆ ಕಾಯುತ್ತಿದ್ದಳು.

ಕೊನೆಗೆ ಭಾವನೇ ಬಾಯಿ ಬಿಟ್ಟರು. ಹೋದ ವರ್ಷ ಒಂದು ಹಲಗೆ ಸೀಳಿ ಸೋರಿತಂತೆ. ಗೊತ್ತಾಗುವಷ್ಟರಲ್ಲಿ ಬಹಳ ಹೋಗಿತ್ತಂತೆ. ಹಲಗೆಯನ್ನೇನೋ ಸರಿಮಾಡಿದರು. ಆದರೆ ಅಷ್ಟೂ ಜನರೆದುರು ತಳ ಕಾಣುವ ಪೀಪಾಯಿ ತೆರೆಯುವುದು ಹೇಗೆ? ಹೋದ ತಿಂಗಳು ಬೇರೊಂದು ಪೀಪಾಯಿಯಿಂದ ಒಂಬತ್ತು ವರ್ಷದ್ದನ್ನು ತಂದು ಸುರಿದುಬಿಟ್ಟರು.

“ಹಳೇದು, ಹೊಸದು, ಎರಡೂ ನಾನೇ ತುಂಬಿದ್ದಲ್ವಾ? ಒಂದೇ ಮನೆ ಅಣ್ಣತಮ್ಮಂದಿರು. ಹೊಂದ್ಕೊಳ್ತಾರೆ ಅಂದ್ಕೊಂಡೆ.”

“ಹೊಂದ್ಕೊಂಡಿದ್ದಾರೆ ಭಾವ. ಆದ್ರೆ ಬೆರೆಸಿದ್ಮೇಲೆ ವಯಸ್ಸು ಬರೆಯೋದು ಕೊನೇ ಕೂಸಿಂದು. ಅದು ನಿಮಗೂ ಗೊತ್ತು.”

“ಸುರೀದೆ ತಳದಲ್ಲಿದ್ದಷ್ಟನ್ನೇ ಬಿಟ್ಟಿದ್ರೆ ಇಪ್ಪತ್ತೊಂದೇ ಆಗ್ತಿತ್ತು, ಅಲ್ವಾ?” ಅವರ ದನಿ ಕುಸಿದಿತ್ತು. ಅವಳು ಹೌದೆಂದು ತಲೆಯಾಡಿಸಿದಳು.

ಮೇಲೆ ಬಂದು ಅವಳು ಹಾಳೆಯಲ್ಲಿ ಒಂಬತ್ತು ಎಂದು ಬರೆದಳು. ಕಾರಣದ ಜಾಗ ಖಾಲಿ ಬಿಟ್ಟು ಪೆನ್ನನ್ನು ಭಾವನ ಕಡೆ ಸರಿಸಿದಳು. ಅವರು ಬಹಳ ಹೊತ್ತು ತೆಗೆದುಕೊಂಡು, ಸೋರಿದ್ದು, ಸುರಿದದ್ದು, ಎರಡನ್ನೂ ಬರೆದು ಸಹಿ ಹಾಕಿದರು. ಆಮೇಲೆ ಅವಳು ರುಚಿಯ ಅಂಕ ಬರೆದಳು: ನೂರಕ್ಕೆ ತೊಂಬತ್ತೊಂದು.

ಭಾವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಪಾಪ ಅಂತ ಕೊಟ್ಯಾ?”

“ನಾಲಿಗೆಗೆ ನೆಂಟಸ್ತನ ಗೊತ್ತಿಲ್ಲ.”

ನಂಬಿಕೆ ಬರಲಿಲ್ಲ ಅವರಿಗೆ. ಅವಳ ಮುಖವನ್ನೊಮ್ಮೆ, ಅಂಕವನ್ನೊಮ್ಮೆ ನೋಡಿದರು. ಆಮೇಲೆ ಗ್ಲಾಸನ್ನು ಎಳೆದುಕೊಂಡು, ಒಂದು ಗುಟುಕು ಬಾಯಲ್ಲಿಟ್ಟು, ಕಣ್ಣು ಮುಚ್ಚಿದರು.