ಸೋಮವಾರ, ಗುರುವಾರ ಸಾಯುವ ಕಾರು

ಸೈಮಿಯ ಕಾರು ವಾರದಲ್ಲಿ ಎರಡೇ ದಿನ ಸಾಯುತ್ತಿತ್ತು: ಸೋಮವಾರ ಬೆಳಿಗ್ಗೆ ಮತ್ತು ಗುರುವಾರ ಬೆಳಿಗ್ಗೆ. ಮಿಕ್ಕ ದಿನ ಕೀಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೊರಟೇಬಿಡುತ್ತಿತ್ತು. ಇಪ್ಪತ್ತೊಂದು ವರ್ಷದ ಕಾರು ಅದು, ದೋಣಿಯಷ್ಟು ಉದ್ದ, ಹಳೇ ಸಾಸಿವೆಯ ಬಣ್ಣ. ಸೈಮಿಗೆ ಎಪ್ಪತ್ತಾರು. ಭಾನುವಾರ ಆರಾಧನೆಗೆ, ಬುಧವಾರ ಮಧ್ಯಾಹ್ನ ಹಾಡಿನ ಅಭ್ಯಾಸಕ್ಕೆ ಅದರಲ್ಲೇ ಸರೋವರದ ದಂಡೆಯ ಚರ್ಚಿಗೆ ಇಳಿದುಹೋಗಿ ಬರುತ್ತಿದ್ದಳು. ಮಾರನೇ ದಿನ ಕಾರು ಹೆಣ.

"ದೇವರ ಮನೆಗೆ ಹೋಗಿಬಂದು ಪ್ರಾಣ ಬಿಡೋ ಕಾರು ನಮ್ಮೂರು ಡುಲೂತ್‌ನಲ್ಲಿ ಇದೊಂದೇ ನೋಡಿ," ಅನ್ನುತ್ತಿದ್ದ ಗಾರ್ಡಿ. "ಪಾದ್ರಿ ಉಪದೇಶ ಸ್ವಲ್ಪ ಚಿಕ್ಕದು ಮಾಡಿದ್ರೆ ಬದುಕಿಕೊಳ್ಳುತ್ತೇನೋ."

ಗಾರ್ಡಿ ನಮ್ಮ ಗ್ಯಾರೇಜಿನಲ್ಲಿ ಬ್ರೇಕು, ಟೈರು ನೋಡುವವನು. ನಾನು ವಿದ್ಯುತ್ತಿನ ಬೆಂಚಿನವಳು; ಬ್ಯಾಟರಿ, ತಂತಿ, ದೀಪ ನನ್ನ ಪಾಲು. ಆ ಬೆಂಚಿಗೆ ನಾನು ಬಂದು ಆಗಿನ್ನೂ ಐದು ತಿಂಗಳು. ಯಜಮಾನ ವೈನೊ ಮೂವತ್ತು ವರ್ಷ ತಾನೇ ಕೂತು ಕೆಲಸ ಮಾಡಿದ ಬೆಂಚು. ಕಣ್ಣು ಮಂಜಾದ ಮೇಲೆ ನನಗೆ ಬಿಟ್ಟುಕೊಟ್ಟಿದ್ದ. ಗಾರ್ಡಿಗೆ ಅದರ ಮೇಲೆ ನನಗಿಂತ ಮೊದಲಿನಿಂದ ಕಣ್ಣಿತ್ತು.

ಸೈಮಿಯ ಕಾರನ್ನು ನಾನು ಮೂರು ಸಲ ಪರೀಕ್ಷೆ ಮಾಡಿದ್ದೆ. ಮಾಡುವ ರೀತಿ ಎಲ್ಲರದೂ ಒಂದೇ. ಬಾನೆಟ್ ಎತ್ತಿದ ಕೂಡಲೇ ಅದರ ಒಳಮೈಯಲ್ಲಿ ಒಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ. ಮೊದಲು ಆ ಬಲ್ಬ್ ಬಿಚ್ಚಿ ಜೇಬಿಗೆ ಹಾಕಬೇಕು, ಇಲ್ಲವಾದರೆ ಅದು ತಿನ್ನುವ ಕರೆಂಟು ಲೆಕ್ಕ ಕೆಡಿಸುತ್ತದೆ. ಆಮೇಲೆ ಬ್ಯಾಟರಿಯ ಒಂದು ತಂತಿ ಕಳಚಿ, ಆ ಸಂದಿನಲ್ಲಿ ಪರೀಕ್ಷೆಯ ದೀಪ ಸಿಕ್ಕಿಸುವುದು. ಎಲ್ಲೋ ಕರೆಂಟು ಸೋರುತ್ತಿದ್ದರೆ ಅದು ಬೆಳಗುತ್ತದೆ. ಬೆಳಗಿದರೆ ಒಂದೊಂದೇ ಫ್ಯೂಸ್ ಕೀಳುತ್ತ ಹೋಗುವುದು; ಯಾವುದನ್ನು ಕಿತ್ತಾಗ ದೀಪ ಆರುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ. ಸೈಮಿಯ ಕಾರಿನಲ್ಲಿ ದೀಪ ಬೆಳಗಲೇ ಇಲ್ಲ. ಮೂರು ಸಲವೂ "ಏನೂ ತೊಂದರೆ ಇಲ್ಲ" ಅಂತ ಬರೆದು ಸಹಿ ಹಾಕಿ ಕಳಿಸಿದೆ. ಹೊಸ ಬ್ಯಾಟರಿ ಹಾಕಿದ್ದೂ ಆಯಿತು.

ಶನಿವಾರ ವೈನೊ ಕೈ ಒರೆಸಿಕೊಳ್ಳುತ್ತ ಬಂದ. ಅವನು ಗದರುವವನಲ್ಲ. ಅದೇ ಕಷ್ಟ.

"ಇರ್ಯಾ, ಸೋಮವಾರ ಆ ಕಾರು ಮತ್ತೆ ಸತ್ತರೆ ಬೆಂಚು ಗಾರ್ಡಿಗೆ ಕೊಡ್ತೀನಮ್ಮ. ನಿನ್ನ ಮೇಲೆ ಸಿಟ್ಟಿಲ್ಲ. ನೀನು ಕನಸು ಕಾಣೋ ಹುಡುಗಿ. ಈ ಕೆಲಸಕ್ಕೆ ಎಚ್ಚರ ಇರೋರು ಬೇಕು."

ನಾನು ಹೂಂ ಅಂದೆ.

ಕನಸು ಕಾಣುವವಳು ಅನ್ನುವುದೇನೋ ನಿಜ. ನನ್ನನ್ನು ಬೆಳೆಸಿದ್ದು ಹಿಲ್ಯಾ ಅಜ್ಜಿಯ ಕತೆಗಳು. ಅವಳ ಕತೆಯಲ್ಲಿ ಕೊಟ್ಟಿಗೆಗೊಂದು ಕುಳ್ಳ ಯಕ್ಷ, ಬಾವಿಗೊಬ್ಬ ಮುದುಕಿ. ಅದರಲ್ಲೊಂದು ಹಾಲು ಬತ್ತಿದ ಹಸುವಿನ ಕತೆ. ಊರಿನವರೆಲ್ಲ ಹಸುವನ್ನು ಅಂಗಳಕ್ಕೆ ತಂದು ಹಲ್ಲು ನೋಡಿದರು, ಕೆಚ್ಚಲು ನೋಡಿದರು. ಕಡೆಗೆ ಬಂದ ಕುಂಟಿ ಮಂತ್ರಗಾತಿ ಹಸುವಿನ ಕಡೆ ತಿರುಗಿಯೂ ನೋಡಲಿಲ್ಲವಂತೆ. "ಇದು ಮಲಗೋ ಜಾಗ ತೋರಿಸಿ" ಅಂದಳಂತೆ.

ಸೈಮಿಯ ಕಾರು ಮಲಗುವ ಜಾಗವನ್ನು ನಾನು ನೋಡಿಯೇ ಇರಲಿಲ್ಲ.

ಭಾನುವಾರ ಊಟದ ಹೊತ್ತು ಮೀರಿದ ಮೇಲೆ ಹೊರಟೆ. ಅವಳ ಮನೆ ಇರುವ ಬೀದಿ ಏಣಿ ಒರಗಿಸಿಟ್ಟ ಹಾಗೆ ಕಡಿದಾದದ್ದು. ಕೆಳತುದಿಯಲ್ಲಿ ಹೆಪ್ಪುಗಟ್ಟಿದ ಸರೋವರ, ಮೇಲ್ತುದಿಯಲ್ಲಿ ಅಂಗಡಿಸಾಲು. ಕಾರು ಮೂತಿ ಮೇಲೆ ಮಾಡಿ ನಿಂತಿತ್ತು, ಬಾನೆಟ್ಟಿನ ಮೇಲೆ ಹಳೇ ಕೌದಿ ಹೊದ್ದುಕೊಂಡು. ಇಂಜಿನ್ನಿಗೆ ಚಳಿಯಾಗಬಾರದೆಂದು ಇಲ್ಲಿ ಎಲ್ಲರೂ ಹೊದಿಸುತ್ತಾರೆ.

"ಇವತ್ತೂ ಬಂದ್ಯಾ?" ಸೈಮಿ ಬಾಗಿಲಲ್ಲಿ ನಿಂತು ಕೇಳಿದಳು. "ಭಾನುವಾರ ಕೆಲಸ ಮಾಡಿದ್ರೆ ಬೆರಳು ಸೊಟ್ಟಗಾಗುತ್ತೆ ಕಣೇ."

"ಕೆಲಸಕ್ಕಲ್ಲ. ನಿಮ್ಮ ಕಾರನ್ನ ಮಾತಾಡಿಸೋಣ ಅಂತ."

"ನನ್ನ ಹತ್ರಾನೇ ಮಾತಾಡಲ್ಲ ಅದು. ಮೊದಲು ಒಳಗೆ ಬಾ."

ಏಲಕ್ಕಿ ಬ್ರೆಡ್ಡು, ಮೂರು ಲೋಟ ಕಾಫಿ ಇಳಿಸದೆ ಅವಳು ಬಿಡಲಿಲ್ಲ. ಆಮೇಲೆ ಕೌದಿ ತೆಗೆದು, ಬಾನೆಟ್ ಎತ್ತಿ, ಆ ಇಳಿಜಾರಿನಲ್ಲೇ ನಾಲ್ಕನೇ ಸಲ ಪರೀಕ್ಷೆ ಮಾಡಿದೆ. ಪರೀಕ್ಷೆಯ ದೀಪ ಕುರುಡಾಗಿಯೇ ಕೂತಿತು. ಎಲ್ಲವನ್ನೂ ಮೊದಲಿದ್ದ ಹಾಗೆ ಜೋಡಿಸಿ, ಬಾನೆಟ್ ಮುಚ್ಚಿ, ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದೆ. ಕೌದಿ ಹೊದಿಸುವುದನ್ನೇ ಮರೆತಿದ್ದೆ.

ಇರುಳೆಲ್ಲ ಹಿಮ ಬಿತ್ತು. ಬೆಳಿಗ್ಗೆ ಕೌದಿಯ ನೆನಪಾಗಿ, ಸೈಮಿ ಬೈಯುವ ಮೊದಲೇ ಹೊದಿಸೋಣವೆಂದು ಓಡಿದೆ. ಆಗಷ್ಟೇ ಬೆಳಕು ಹರಿದಿತ್ತು. ಬೀದಿಯ ಅಷ್ಟೂ ಕಾರುಗಳು ಬಿಳಿ ಗುಡ್ಡೆಗಳಾಗಿದ್ದವು. ಸೈಮಿಯದೂ ಹಾಗೇ. ಆದರೆ ಅದರ ಬಾನೆಟ್ಟಿನ ಮೇಲೆ, ಒಂದು ಮಗ್ಗುಲಿಗೆ, ಬನ್ನಿನಗಲದ ದುಂಡು ಜಾಗದಲ್ಲಿ ಹಿಮವಿರಲಿಲ್ಲ. ಸಾಸಿವೆ ಬಣ್ಣ ಒದ್ದೆಯಾಗಿ ಹೊಳೆಯುತ್ತಿತ್ತು.

ಕೈಗವಸು ತೆಗೆದು ಅಂಗೈ ಇಟ್ಟೆ. ಬೆಚ್ಚಗಿತ್ತು, ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ. ಇಂಜಿನ್ ಆರಿ ಹದಿನೆಂಟು ಗಂಟೆಯ ಮೇಲಾಗಿತ್ತು.

ಅಲ್ಲೇ ನಿಂತು ನಕ್ಕೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು. ನಾಲ್ಕು ಸಲವೂ ಕಳ್ಳನನ್ನು ಮೊದಲು ಜೇಬಿಗೆ ಹಾಕಿಕೊಂಡು, ಆಮೇಲೆ ಕಳ್ಳನನ್ನು ಹುಡುಕಿದ್ದೆ.

ಅಷ್ಟರಲ್ಲಿ ಎಳೆಯುವ ಲಾರಿ ಬಂತು. ಸೋಮವಾರ ಅಲ್ಲವೇ, ಕೀಲಿ ತಿರುಗಿಸಿಯೂ ನೋಡದೆ ಕಾರು ಸತ್ತಿದೆ ಅಂತ ಸೈಮಿ ಆಗಲೇ ಫೋನ್ ಮಾಡಿದ್ದಳು. ವೈನೊ ಇಳಿದ, ಹಿಂದೆಯೇ ಗಾರ್ಡಿ.

"ಆಯ್ತಲ್ಲಮ್ಮ," ಅಂದ ವೈನೊ.

"ಆಯ್ತು. ಸಿಕ್ಕಿತು. ಬಾನೆಟ್ಟಿನ ದೀಪ."

ಗಾರ್ಡಿ ಕಿಸಕ್ಕನೆ ನಕ್ಕ. "ಬಾನೆಟ್ ಎತ್ತಿದ್ರೆ ದೀಪ ಹತ್ತುತ್ತೆ ತಾಯಿ. ಅದನ್ನ ಹಾಕಿರೋದೇ ಅದಕ್ಕೆ."

"ಎತ್ತಬೇಡ. ಬಗ್ಗಿ ನೋಡು."

ಬಾನೆಟ್ಟಿನ ಅಂಚಿನ ಸಂದಿನಲ್ಲಿ ನಿತ್ರಾಣಗೊಂಡ ಕೆಂಪು ಬೆಳಕೊಂದು ಗೆರೆ ಎಳೆದಿತ್ತು. ವೈನೊ ಹಿಮದಲ್ಲಿ ಮಂಡಿಯೂರಿ, ಕನ್ನಡಕ ಮೇಲೇರಿಸಿ ನೋಡಿದ.

"ಹಿಂದಿನ ಬಂಪರಿಗೆ ಕೊಕ್ಕೆ ಹಾಕಿ ಎತ್ತು ಗಾರ್ಡಿ," ಅಂದೆ.

"ನಿನ್ನ ಮಾತು ಕೇಳ್ಬೇಕಾ ಈಗ?"

"ಎತ್ತೋ," ಅಂದ ವೈನೊ, ಎದ್ದೇಳದೆ.

ಸರಪಳಿ ಕಿರುಗುಟ್ಟಿತು. ಕಾರಿನ ಹಿಂಭಾಗ ಮೆಲ್ಲಗೆ ಮೇಲೇರಿತು, ಮೂತಿ ತಗ್ಗಿತು. ಕಾರು ಮಟ್ಟವಾಗಿ, ಇನ್ನಷ್ಟು ಬಾಗಿದ್ದೇ ತಡ, ಬೆಳಕಿನ ಗೆರೆ ಆರಿಹೋಯಿತು. "ಇಳಿಸು" ಅಂದೆ. ಇಳಿಸಿದ. ಗೆರೆ ಮತ್ತೆ ಬಂತು. ವೈನೊ ಇನ್ನೊಂದು ಸಲ ಎತ್ತಿಸಿದ, ಇಳಿಸಿದ. ಸೈಮಿ ಶಾಲು ಹೊದ್ದು ಮೆಟ್ಟಿಲ ಮೇಲೆ ಬಂದು ನಿಂತಳು. "ನನ್ನ ಕಾರಿಗೆ ಕವಾಯತು ಮಾಡಿಸ್ತಿದೀರೇನು?"

ನಾನು ಹೇಳಿದೆ. ಆ ದೀಪಕ್ಕೆ ಗುಂಡಿಯಿಲ್ಲ. ಗಾಜಿನ ಕೊಳವೆಯಲ್ಲಿ ಒಂದು ಹನಿ ಪಾದರಸ ಇದೆ, ಅಷ್ಟೇ. ಬಾನೆಟ್ ಎತ್ತಿದಾಗ ಹನಿ ಜಾರಿ ತಂತಿಗಳನ್ನು ಕೂಡಿಸುತ್ತದೆ. ಕಾರೇ ಮೂತಿ ಎತ್ತಿ ನಿಂತರೂ ಜಾರುತ್ತದೆ. ಮೇಲಿನ ಅಂಗಡಿಯಿಂದ ಇಳಿದು ಬಂದ ದಿನ ಸೈಮಿ ಬೀದಿಯ ಆ ಬದಿಗೆ, ಮೂತಿ ಕೆಳಗಾಗಿ ನಿಲ್ಲಿಸುತ್ತಾಳೆ. ಕೆಳಗಿನ ಚರ್ಚಿನಿಂದ ಹತ್ತಿ ಬಂದ ದಿನ ಈ ಬದಿಗೆ, ಮೂತಿ ಮೇಲಾಗಿ. ದೀಪ ರಾತ್ರಿಯಿಡೀ ಉರಿಯುತ್ತದೆ, ಕೌದಿ ಅದನ್ನು ಮುಚ್ಚಿಡುತ್ತದೆ. ನಮ್ಮ ಗ್ಯಾರೇಜಿನ ನೆಲವೋ ಅಂಗೈಯಷ್ಟು ಮಟ್ಟ, ಅಲ್ಲಿ ಬಾನೆಟ್ ಮುಚ್ಚಿದರೆ ದೀಪ ಆರುತ್ತದೆ.

"ಸದ್ಯ, ಪಾದ್ರಿದೇನೂ ತಪ್ಪಿಲ್ಲ," ಅಂದಳು ಸೈಮಿ.

ವೈನೊ ಎದ್ದು ಮಂಡಿಯ ಹಿಮ ಕೊಡವಿಕೊಂಡ. "ಪರೀಕ್ಷೆ ಮಾಡೋವಾಗ ಆ ಬಲ್ಬ್ ಎಲ್ಲಿಟ್ಟಿದ್ದೆ?"

ಸುಳ್ಳು ಹೇಳಬಹುದಿತ್ತು. ಗಾರ್ಡಿ ಬೇರೆ ಕಿವಿ ನೆಟ್ಟಗೆ ಮಾಡಿಕೊಂಡಿದ್ದ. ಆದರೆ ಅವತ್ತು ನನಗೆ ಎಂಥ ಹೆಮ್ಮೆಯಿತ್ತೆಂದರೆ ತಪ್ಪನ್ನೂ ತಲೆ ಎತ್ತಿಯೇ ಹೇಳಿದೆ. "ನನ್ನ ಜೇಬಲ್ಲಿ. ನಾಲ್ಕು ಸಲವೂ."

ವೈನೊ ಸರೋವರದ ಕಡೆ ತಿರುಗಿದ. "ನಾನು ಮೂವತ್ತು ವರ್ಷ ಜೇಬಲ್ಲೇ ಇಟ್ಕೊಂಡೆ," ಅಂದ. "ಎಷ್ಟು ಜನರಿಗೆ ಸುಮ್ನೆ ಹೊಸ ಬ್ಯಾಟರಿ ಮಾರಿದೀನೋ."

ಗ್ಯಾರೇಜಿಗೆ ಬಂದಾಗ ನನ್ನ ಬೆಂಚಿನ ಮೇಲೆ ಗಾರ್ಡಿಯ ಸಾಮಾನಿನ ಪೆಟ್ಟಿಗೆ ಕೂತಿತ್ತು. ಮುಂಜಾನೆಯೇ ತಂದಿಟ್ಟಿದ್ದನೆಂದು ಕಾಣುತ್ತದೆ. ಅವನ ಕುತ್ತಿಗೆ ಕೆಂಪಾಯಿತು. ಪೆಟ್ಟಿಗೆ ಎತ್ತಲೋ ಬೇಡವೋ ಅನ್ನುವ ಹಾಗೆ ವೈನೊನ ಮುಖ ನೋಡಿದ.

"ನನ್ನನ್ಯಾಕೆ ನೋಡ್ತೀಯ?" ಅಂದ ವೈನೊ, ಕಾಫಿ ಬಗ್ಗಿಸಿಕೊಳ್ಳುತ್ತ. "ಬೆಂಚು ಅವಳದು. ಅವಳನ್ನ ಕೇಳು."