ಲೋಟದ ತಳದ ಗಸಿ

2024ರ ನವೆಂಬರ್ 12, ಮಂಗಳವಾರ, ಸಂಜೆ ಐದು ನಲವತ್ತು. ಮುಂಬಯಿ ಪಕ್ಕದ ಠಾಣೆ ಊರಿನ ರೈಲ್ವೆ ಸ್ಟೇಷನ್ನಿನ ಹತ್ತಿರದ ಪಾತ್ರೆ ಅಂಗಡಿಯಲ್ಲಿ ನಳಿನಾಕ್ಷಿ ಕಾಫಿ ಯಂತ್ರಕ್ಕೆ ಹಾಕುವ ಎರಡು ಸ್ಟೀಲ್ ಜಾಲರಿಗಳನ್ನು ಒಂದಾದ ಮೇಲೊಂದು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು. ಮೊದಲನೆಯದರಲ್ಲಿ ಬೆಳಕು ಮಬ್ಬಾಗಿ ಹರಡಿತು. ಎರಡನೆಯದರಲ್ಲಿ ಚುಕ್ಕಿ ಚುಕ್ಕಿಯಾಗಿ ತೂರಿ ಬಂತು.

"ಬೋಲೋ ದೀದಿ, ಕೌನ್ಸಾ ದೂ?" ಯಾವುದು ಕೊಡಲಿ ಎಂದು ಅಂಗಡಿಯವನು ಕೇಳಿದ.

"ಅಕ್ಕ, ನೀವೇ ಹೇಳಿ. ನಂಗೆ ಎರಡೂ ಒಂದೇ ಹಾಗೆ ಕಾಣ್ತದೆ," ಎಂದಳು ಜೊತೆಗೆ ಬಂದಿದ್ದ ರಮಿತಾ.

ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದಲ್ಲಿ ರಬ್ಬರ್ ಸಾಮಾನು ಪರೀಕ್ಷಿಸುವ ಲ್ಯಾಬೊಂದರ ಕ್ಯಾಂಟೀನಿನಲ್ಲಿ ನಳಿನಾಕ್ಷಿ ಹತ್ತೊಂಬತ್ತು ವರ್ಷ ಹಿತ್ತಾಳೆ ಫಿಲ್ಟರಿನಲ್ಲಿ ಕಾಫಿ ಇಳಿಸಿದ್ದಳು. ಕಾರ್ಕಳ ಕಡೆಯ ಹುಡುಗಿ, ಪಾಪ ಎಂದು ರಮಿತಾಳನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ದೀಪಾವಳಿಯ ಹೊತ್ತಿಗೆ ಡ್ರಿಪ್ ಕಾಫಿ ಯಂತ್ರ ಬಂತು. ಲ್ಯಾಬಿನ ಮುಖ್ಯಸ್ಥ ಮಧ್ವೇಶರು ಅದರ ಬಟನ್ನುಗಳನ್ನು ರಮಿತಾಳಿಗೆ ಹೇಳಿಕೊಟ್ಟರು. ಎರಡೇ ವಾರದಲ್ಲಿ ಲ್ಯಾಬಿನವರೆಲ್ಲ 'ರಮಿತಾ ಕಾಫಿ' ಎನ್ನತೊಡಗಿದರು. ಹತ್ತೊಂಬತ್ತು ವರ್ಷದಲ್ಲಿ ನಳಿನಾಕ್ಷಿಯ ಹೆಸರನ್ನು ಯಾರೂ ಕಾಫಿಗೆ ಇಟ್ಟಿರಲಿಲ್ಲ. ಈಗ ಅವಳ ಪಾಲಿಗೆ ಉಳಿದದ್ದು ಅರ್ಧ ಲೋಟದ ಕಟಿಂಗ್ ಚಹಾ ಮತ್ತು ಈರುಳ್ಳಿ ಅವಲಕ್ಕಿಯ ಕಾಂದಾ ಪೋಹೆ.

ಯಂತ್ರದ ಜೊತೆ ಬಂದಿದ್ದ ಕಾಗದದ ಫಿಲ್ಟರುಗಳು ಸೋಮವಾರ ಮುಗಿದವು. "ತೊಳೆದು ತೊಳೆದು ಬಳಸುವಂಥದ್ದು ತನ್ನಿ. ಯಾವುದು ಅಂತ ನಳಿನಕ್ಕನಿಗೆ ಗೊತ್ತಾಗ್ತದೆ," ಎಂದು ಮಧ್ವೇಶರು ಇಬ್ಬರನ್ನೂ ಕಳಿಸಿದ್ದರು.

ಗೊತ್ತಾಗಿತ್ತು. ಕ್ಯಾಂಟೀನಿನ ನುಣ್ಣನೆಯ ಪುಡಿ ಎರಡನೆಯ ಜಾಲರಿಯಲ್ಲಿ ನಿಲ್ಲುವುದಿಲ್ಲ. ಅವಳು ಮೊದಲನೆಯದನ್ನು ಸರಿಸಿ ಎರಡನೆಯದನ್ನು ಮುಂದೆ ತಳ್ಳಿದಳು.

"ಇದೇ ಇರಲಿ. ಗಟ್ಟಿ ಉಂಟು."

ರಮಿತಾ ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತು ಅಕ್ಕ," ಎಂದಳು.

ಮಧ್ವೇಶರು ಹಾಲಿಲ್ಲದ ಕಾಫಿಯನ್ನು ಗಾಜಿನ ಲೋಟದಲ್ಲಿ ಕುಡಿಯುವವರು. ಏನನ್ನೂ ಅಳೆಯದೆ ಮಾತಾಡುವವರಲ್ಲ. ಬುಧವಾರ ಬೆಳಿಗ್ಗೆ ಒಂದು ಗುಟುಕಿಗೇ ಮುಖ ಹಿಂಡಿದರು. ಲೋಟವನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟು, ಜೇಬಿನ ಸ್ಟೀಲ್ ಸ್ಕೇಲನ್ನು ಅದಕ್ಕೆ ಆನಿಸಿದರು.

"ಗಸಿಯೇ ನಾಲ್ಕು ಮಿಲಿಮೀಟರ್. ಇದೆಂತ, ಕಾಫಿಯಾ, ಮಳೆಗಾಲದ ಹೊಳೆ ನೀರಾ? ಯಾರು ಆರಿಸಿದ್ದು ಇದನ್ನು?"

ಈರುಳ್ಳಿ ಹೆಚ್ಚುತ್ತಿದ್ದ ನಳಿನಾಕ್ಷಿಯ ಕೈ ನಿಂತಿತು.

"ನಾನೇ ಸರ್," ಎಂದಳು ರಮಿತಾ.

"ಹಾಗಾದ್ರೆ ನಾಳೆಯಿಂದ ನಳಿನಕ್ಕನ ಹಿತ್ತಾಳೆಯದ್ದೇ ಆಗಲಿ. ಯಂತ್ರವನ್ನು ಆಚೆ ಇಡು."

ಬೇಕಾದದ್ದು ಕೈಗೆ ಬಂದಿತ್ತು. ಸಂಜೆ ಲೋಟ ತೊಳೆಯುವಾಗ ನಳಿನಾಕ್ಷಿ ನಲ್ಲಿ ನಿಲ್ಲಿಸಿ ಕೇಳಿದಳು:

"ನೀನು ಯಾಕೆ ಮೈಮೇಲೆ ಹಾಕ್ಕೊಂಡದ್ದು ಮಾರಾಯ್ತಿ?"

"ನಂಗೂ ಕಣ್ಣು ಸರಿ ಉಂಟು ಅಕ್ಕ," ರಮಿತಾ ತಲೆಯೆತ್ತಲಿಲ್ಲ. "ನಿಮ್ಮನ್ನೇ ಕೇಳುವ ಅಂತ ಒಂದೇ ಹಾಗೆ ಕಾಣ್ತದೆ ಅಂದದ್ದು. ಕೆಲಸ ಕೊಡಿಸಿದವರನ್ನು ಸರ್ ಎದುರು ಹೇಗೆ ಹೇಳುದು?"

ಡೊಂಬಿವಲಿಯ ಲೋಕಲ್ ರೈಲಿನಲ್ಲಿ ನಿಂತೇ ಹೋಗುವಾಗ ನಳಿನಾಕ್ಷಿಯ ಹೊಟ್ಟೆಯುರಿ ಕಡಿಮೆಯಾಗಲಿಲ್ಲ, ಹೆಚ್ಚಿತು. ಯಂತ್ರ ಹೋದರೆ ಹೋಯಿತು. ದೊಡ್ಡ ಮನಸ್ಸಿನಲ್ಲೂ ಆ ಹುಡುಗಿಯೇ ಮುಂದಾದಳಲ್ಲ.

ಗುರುವಾರ ಸಂಜೆ ಅವಳು ಒಬ್ಬಳೇ ಅಂಗಡಿಗೆ ಹೋಗಿ ಮೊದಲನೆಯ ಜಾಲರಿಯನ್ನು ಕೊಂಡಳು. ಶುಕ್ರವಾರ ಲ್ಯಾಬಿನವರು ಯಾರೂ ಬರುವ ಮೊದಲೇ ಅದನ್ನು ರಮಿತಾಳ ಮುಂದಿಟ್ಟು, "ಯಂತ್ರ ಹಚ್ಚು," ಎಂದಳು. ತಾನು ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿದಳು. ಒಂದೇ ಅಳತೆಯ ಎರಡು ಗಾಜಿನ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಳು. ತನ್ನದೇ ಗೆಲ್ಲುತ್ತದೆ ಎಂಬ ಬಗ್ಗೆ ಅವಳಿಗೆ ಸಂಶಯವಿರಲಿಲ್ಲ.

ಗಸಿ ತಳಕ್ಕೆ ಇಳಿಯಲೆಂದು ಹತ್ತು ನಿಮಿಷ ಬಿಟ್ಟಳು. ಆಮೇಲೆ ಅವಳು ಮಧ್ವೇಶರ ಮೇಜಿನಲ್ಲಿದ್ದ ಇನ್ನೊಂದು ಸ್ಕೇಲು ತಂದು ಬಗ್ಗಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು.

"ಎಷ್ಟು ಅಕ್ಕ?" ಒಲೆಯ ಹತ್ತಿರದಿಂದ ರಮಿತಾ ಕೇಳಿದಳು.

ನಳಿನಾಕ್ಷಿ ಸ್ಕೇಲನ್ನು ಸೆರಗಿನಲ್ಲಿ ಒರೆಸಿದಳು.

"ನಂದು ಒಂದು ಮಿಲಿಮೀಟರ್," ಎಂದಳು. "ನಿಂದು ಅರ್ಧ."