ಅಪ್ಪನ ಲೇಖಕಿ

ಸ್ಕ್ರೂ ಮತ್ತೆ ಕೈಜಾರಿ ನೆಲಕ್ಕೆ ಬಿತ್ತು. ಮಗಳು ಮಂಡಿಯೂರಿ ಮಂಚದ ಕೆಳಗೆ ಕೈಯಾಡಿಸಿದಳು. ಸಾಸಿವೆ ಕಾಳಿನಷ್ಟು ಚಿಕ್ಕ ಸ್ಕ್ರೂ ಅದು. ಅಪ್ಪನ ಕನ್ನಡಕದ ಅಂಗಡಿಯಲ್ಲಿ ಕೂತು ಅಂಥವನ್ನು ದಿನಕ್ಕೆ ಹತ್ತಾರು ಕೂರಿಸುವ ಬೆರಳುಗಳು ಇವತ್ತು ಹೇಳಿದ ಮಾತು ಕೇಳುತ್ತಿರಲಿಲ್ಲ. ಮಂಚದ ಮೇಲೆ ಅಪ್ಪ ಮಲಗಿದ್ದ. ನಿನ್ನೆ ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಬೀಳುವಾಗ ಕನ್ನಡಕದ ಒಂದು ಕಡ್ಡಿ ಕಳಚಿಕೊಂಡಿತ್ತು. ಕನ್ನಡಕ ಇಲ್ಲದೆ ಅವರನ್ನು ಕಳಿಸುವುದು ಬೇಡ, ಯಾರದೋ ಮುಖದ ಥರ ಕಾಣುತ್ತದೆ ಎಂದು ಅಮ್ಮ ಹಟ ಹಿಡಿದಿದ್ದಳು.

ಬೆರಳು ನಡುಗುತ್ತಿದ್ದದ್ದು ದುಃಖಕ್ಕಲ್ಲ. ದುಃಖಕ್ಕೆ ಅವಳಿಗಿನ್ನೂ ಪುರುಸೊತ್ತೇ ಸಿಕ್ಕಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಅಮ್ಮ ಬಂದು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ನೋಡಿಕೋ ಎನ್ನುವಷ್ಟು ಸಲೀಸಾಗಿ ಒಂದು ಮಾತು ಹೇಳಿ ಹೋಗಿದ್ದಳು.

"ಪುಟ್ಟೀ, ಅವರು ಹೊರಟಿದ್ದಾರಂತೆ. ನಾನೇ ಫೋನ್ ಮಾಡಿದ್ದೆ."

"ಯಾರು?"

"ಇನ್ಯಾರು, ನಿಮ್ಮಪ್ಪನ ಲೇಖಕಿ. ಮೂವತ್ತು ವರ್ಷದ ಸ್ನೇಹ. ತಿಳಿಸದೇ ಇದ್ರೆ ನಾಳೆ ಅವರು ಏನಂದ್ಕೋತಾರೆ?"

ನಂಬರು ಹುಡುಕಿ ಕೊಟ್ಟವರು ಅಂಗಡಿಯ ಪಕ್ಕದ ಪ್ರೆಸ್ಸಿನ ಮಾಮ. ಅವರ ಪುಸ್ತಕದ ಪ್ರಕಾಶಕರಿಗೆ ದುಂಬಾಲು ಬಿದ್ದು ಪಡೆದರಂತೆ. ಸುದ್ದಿ ಆಗಲೇ ಬೀದಿಯ ತುದಿ ಮುಟ್ಟಿತ್ತು. ಸಾವಿನ ಮನೆಗೆ ಸಂಜೆ ಹೋದರಾಯಿತು ಎಂದುಕೊಂಡಿದ್ದವರೂ ತಲೆ ಬಾಚಿಕೊಂಡು ಈಗಲೇ ಬರುತ್ತಿದ್ದರು. ಅಷ್ಟು ದೊಡ್ಡ ಬರಹಗಾರ್ತಿ ನಮ್ಮ ಕನ್ನಡಕದಣ್ಣನ ಮುಖ ನೋಡಲು ಬರುತ್ತಾರೆ ಎಂದರೆ ಸಾಮಾನ್ಯವೇ ಎಂದು ಜಗಲಿಯಲ್ಲಿ ಮಾತು ನಡೆದಿತ್ತು.

ಆ ಬರಹಗಾರ್ತಿ ಅಪ್ಪನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಇಡೀ ಲೋಕದಲ್ಲಿ ಅದು ಗೊತ್ತಿದ್ದದ್ದು ಇಬ್ಬರಿಗೆ. ಈಗ ಒಬ್ಬಳಿಗೆ.

ಸ್ಕ್ರೂ ಸಿಕ್ಕಿತು. ಅವಳು ಕಡ್ಡಿ ಕೂರಿಸಿ, ಕನ್ನಡಕವನ್ನು ಅಪ್ಪನ ತಣ್ಣಗಿನ ಮೂಗಿನ ಮೇಲೆ ಇಟ್ಟು, ಓಡಿಹೋಗಲು ಎಲ್ಲಾದರೂ ಜಾಗವಿದೆಯೇ ಎನ್ನುವಂತೆ ಕಿಟಕಿಯ ಕಡೆ ನೋಡಿದಳು.

*

ಅಂಗಡಿಯಲ್ಲಿ ಒಂದು ಬೆಂಚಿತ್ತು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ತನಕ ಗಿರಾಕಿಗಳು ಅದರ ಮೇಲೆ ಕಾಯಬೇಕು. ಸುಮ್ಮನೆ ಕೂತವರನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಗಾಜು ಉಜ್ಜುತ್ತಲೇ ಪ್ರಶ್ನೆ ಎಸೆಯುತ್ತಿದ್ದ: ನೀವು ಮೆಚ್ಚಿಕೊಂಡ ಕಲಾವಿದರು, ಚಿಂತಕರು, ಯಾರನ್ನಾದರೂ ಒಬ್ಬರನ್ನು ಭೇಟಿ ಮಾಡಬಹುದು ಎಂದರೆ ಯಾರನ್ನು ಮಾಡುತ್ತೀರಿ? ಭೇಟಿಯಾದ ಮೇಲೆ ಮೊದಲು ಏನು ಕೇಳುತ್ತೀರಿ? ಕಣ್ಣು ಮಂಜೆಂದು ಬಂದವರು ತಲೆ ಕೆರೆದುಕೊಂಡು ಯೋಚನೆಗೆ ಬೀಳುತ್ತಿದ್ದರು. ಟೈಲರೊಬ್ಬ ಹಾಡುಗಾರ್ತಿಯೊಬ್ಬಳ ಹೆಸರು ಹೇಳಿ ಕಿವಿಯ ತನಕ ಕೆಂಪಾದ. ಗಣಿತದ ಟೀಚರು ಒಬ್ಬ ಶಿಲ್ಪಿಯನ್ನು ಆರಿಸಿ, ಏನು ಕೇಳುವುದೆಂದು ತೋಚದೆ, ಅದೇ ಗುಂಗಿನಲ್ಲಿ ಹೊಸ ಕನ್ನಡಕವನ್ನು ಬೆಂಚಿನ ಮೇಲೇ ಬಿಟ್ಟು ಹೋದರು. ಪ್ರೆಸ್ಸಿನ ಮಾಮ ಎಂದೋ ಸತ್ತ ತತ್ವಜ್ಞಾನಿಯನ್ನು ಹೇಳಿದಾಗ ಅಪ್ಪ ನಕ್ಕು, ಇದು ಜಾಣತನ, ಅವನು ಬಂದು ಬಾಗಿಲು ತೆಗೆದುಬಿಡುವ ಭಯವಿಲ್ಲ ಎಂದಿದ್ದ.

ಅಪ್ಪನ ಉತ್ತರ ಮಾತ್ರ ಎಂದೂ ಬದಲಾಗಲಿಲ್ಲ. ಅದೇ ಊರಿನ ಇನ್ನೊಂದು ತುದಿಯಲ್ಲಿ ಆ ಲೇಖಕಿಯ ಮನೆ. ಅವರ ಪುಸ್ತಕಗಳನ್ನು ಓದಿ ಓದಿ, ಕಟ್ಟು ಸಡಿಲವಾದಾಗ ಪ್ರೆಸ್ಸಿನ ಮಾಮನ ಹತ್ತಿರ ಹೊಲಿಸಿಕೊಂಡು ಮತ್ತೆ ಓದುತ್ತಿದ್ದ. ಒಂದೇ ಊರಲ್ಲಿ ಇದ್ದಾರಲ್ಲ, ಹೋಗಿ ಬರಬಾರದೇ ಎಂದು ಗಿರಾಕಿಗಳು ಛೇಡಿಸಿದರು. ಅಮ್ಮನೂ ಛೇಡಿಸಿದಳು. ಕೊನೆಗೊಂದು ರಜಾದಿನ ಅಪ್ಪ ಹೊಸ ಅಂಗಿ ತೊಟ್ಟು, ಇನ್ನೂ ಪ್ರೈಮರಿ ಶಾಲೆಯಲ್ಲಿದ್ದ ಮಗಳ ಕೈಹಿಡಿದುಕೊಂಡು ಬಸ್ಸು ಹತ್ತಿದ.

ಹಸಿರು ಬಣ್ಣದ ಗೇಟು. ಅದರಾಚೆ ಮೆಟ್ಟಿಲು, ಅರ್ಧ ತೆರೆದ ಬಾಗಿಲು. ಒಳಗಿನಿಂದ ಒಂದು ಹೆಣ್ಣುದನಿ ಯಾರನ್ನೋ ಗದರುತ್ತಿತ್ತು. ಬರೆಯೋ ಹೊತ್ತಲ್ಲಿ ಬರಬೇಡಿ ಅಂತ ಎಷ್ಟು ಸಲ ಹೇಳೋದು ಎಂದದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು. ಅಪ್ಪನ ಕೈ ಬೆವೆತು ಅವಳ ಕೈಯಿಂದ ಜಾರತೊಡಗಿತು. ಅವಳು ತಲೆಯೆತ್ತಿ ನೋಡಿದಳು. ಅವನ ತುಟಿ ಒಣಗಿತ್ತು. ಸೂಜಿ ಕಂಡ ಮಗುವಿನ ಹಾಗೆ ಕಣ್ಣು ಅಗಲವಾಗಿತ್ತು. ಅಪ್ಪ ಹೆದರುತ್ತಾನೆ ಎನ್ನುವುದೇ ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅವನಿಗೇ ಹೆದರಿಕೆಯಾಗುವಂಥದ್ದು ಆ ಬಾಗಿಲ ಹಿಂದೆ ಏನಿದೆಯೋ ಎಂದು ಅವಳ ಎದೆಯೂ ಡವಗುಟ್ಟಿತು. ಇವತ್ತು ಬೇಡ, ಕೆಲಸದಲ್ಲಿದ್ದಾರೆ ಎಂದು ಅಪ್ಪ ಪಿಸುಗುಟ್ಟಿದ. ಇಬ್ಬರೂ ಕಳ್ಳರಂತೆ ಬೀದಿಯ ತಿರುವಿನ ತನಕ ಸರಸರ ನಡೆದರು.

ಬಸ್ಸಿನ ನಿಲ್ದಾಣದ ಪಕ್ಕದ ಪಾರ್ಕಿನಲ್ಲಿ ಸಂಜೆಯ ತನಕ ಕೂತರು. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಪ್ರೆಸ್ಸಿನ ಮಾಮನೂ ಕುರ್ಚಿ ಹಾಕಿಕೊಂಡು ಕಾದಿದ್ದರು. ಅಪ್ಪ ಇಬ್ಬರ ಮುಖವನ್ನೂ ನೋಡಿದ. ಆಮೇಲೆ, ಅವರೇ ಬಂದು ಬಾಗಿಲು ತೆಗೆದರು ಎಂದ. ಒಂದು ಮಾತಿನ ಬೆನ್ನಿಗೆ ಇನ್ನೊಂದು ಬಂತು. ಒಳಗೆ ಕರೆದರು, ಎದುರಿಗೆ ಕೂರಿಸಿಕೊಂಡರು, ಕನ್ನಡಕದ ಕೆಲಸದ ಬಗ್ಗೆ ಕೇಳಿದರು. ನಡುವೆ ಎಲ್ಲೋ ಅಪ್ಪನಿಗೆ ಮಾತು ಕಟ್ಟಿತು. ಅವನು ಮಗಳ ಕಡೆ ತಿರುಗಿದ. ಗೇಟಿನ ಮುಂದೆ ಕಂಡ ಅದೇ ಒಣಗಿದ ತುಟಿ, ಅದೇ ಕಣ್ಣು.

"ನಂಗೆ ಬಿಸ್ಕತ್ತು ಕೊಟ್ರು," ಎಂದಳು ಅವಳು.

ಅಲ್ಲಿಂದ ಆ ಸುಳ್ಳು ಇಬ್ಬರದೂ ಆಯಿತು. ಅವರು ಆ ಬಗ್ಗೆ ಒಬ್ಬರಿಗೊಬ್ಬರು ಒಂದಕ್ಷರ ಆಡಲಿಲ್ಲ. ಆಗೀಗ ಅಪ್ಪ ಲೇಖಕಿಯನ್ನು ನೋಡಿ ಬರುತ್ತೇನೆಂದು ಹೊರಡುತ್ತಿದ್ದ, ಆ ಪಾರ್ಕಿನಲ್ಲಿ ಒಬ್ಬನೇ ಕೂತು ಹಿಂದಿರುಗುತ್ತಿದ್ದ. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಅವರು ಹೀಗಂದರು ಎಂದು ಒಂದು ಮಾತು ತರುತ್ತಿದ್ದ. ಅಮ್ಮ ಜೊತೆಗೆ ಬರುತ್ತೇನೆಂದರೆ, ಅವರಿಗೆ ಜನ ಹೆಚ್ಚಾದರೆ ಆಗುವುದಿಲ್ಲ ಎನ್ನುತ್ತಿದ್ದ. ಪ್ರತಿ ಸಲವೂ ಮಗಳು ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಯಾರಾದರೂ ಅವರನ್ನು ನಿಜವಾಗಿ ಬಲ್ಲವರು ಅಂಗಡಿಗೆ ಬಂದುಬಿಟ್ಟರೆ? ಬೆಂಚಿನ ಮೇಲೆ ಕೂತವರು ಅವರ ಹೆಸರೆತ್ತಿದರೆ ಸಾಕು, ಅವಳ ಅಂಗೈ ಒದ್ದೆಯಾಗುತ್ತಿತ್ತು. ದೊಡ್ಡವಳಾದಳು, ಅಂಗಡಿಯ ಕೆಲಸ ಕೈಗೆ ಹತ್ತಿತು, ತಲೆಗೂದಲು ಅಲ್ಲಲ್ಲಿ ಬೆಳ್ಳಗಾಯಿತು. ಆ ಹೆದರಿಕೆ ಮಾತ್ರ ಪ್ರೈಮರಿ ಶಾಲೆಯ ಹುಡುಗಿಯದಾಗಿಯೇ ಉಳಿಯಿತು.

*

ಕಾರು ಬೀದಿಯೊಳಗೆ ಬರಲಾಗದೆ ತಿರುವಿನಲ್ಲೇ ನಿಂತಿತು. ಲೇಖಕಿ ಕೋಲೂರಿಕೊಂಡು ನಡೆದು ಬಂದರು. ಪುಸ್ತಕದ ಹಿಂಬದಿಯ ಚಿತ್ರದಲ್ಲಿ ಕಾಣುವ ಹೆಂಗಸಿನ ಅಜ್ಜಿಯಂತಿದ್ದರು. ಕೊರಳು ಜೋತುಬಿದ್ದು, ರವಿಕೆಯ ತೋಳೊಳಗೆ ಕೈ ಕಡ್ಡಿಯಂತೆ ಆಡುತ್ತಿತ್ತು. ಜನ ದಾರಿ ಬಿಟ್ಟರು. ಅಮ್ಮ ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. ಅವರು ಮಂಚದ ಬಳಿ ಬಂದು ಬಗ್ಗಿ ಅಪ್ಪನ ಮುಖವನ್ನು ನೋಡಿದರು. ಒಂದು ಪಕ್ಕದಿಂದ ನೋಡಿದರು, ಇನ್ನೊಂದು ಪಕ್ಕದಿಂದ ನೋಡಿದರು. ಅವರ ಹುಬ್ಬು ಗಂಟಿಕ್ಕಿತು. ಮಗಳು ಗೋಡೆಗೆ ಒರಗಿ ನಿಂತಳು.

ಅಷ್ಟರಲ್ಲಿ ಪ್ರೆಸ್ಸಿನ ಮಾಮ ಮುಂದೆ ಬಂದರು. ಲೇಖಕಿಗೆ ಕೈ ಮುಗಿದರು.

"ಅಮ್ಮಾ, ನಾನು ಇವತ್ತು ಬದುಕಿರೋದು ನಿಮ್ಮ ಒಂದು ಮಾತಿನಿಂದ," ಎಂದರು. "ನನ್ನ ಎದೆ ಆಪರೇಷನ್ ಇತ್ತು. ಹೆದರಿಕೆ ಹೋಗಲಿ, ಆಮೇಲೆ ಮಾಡಿಸ್ಕೋತೀನಿ ಅಂತ ಮುಂದೆ ಹಾಕ್ತಾನೇ ಇದ್ದೆ. ನೀವು ಇವನಿಗೆ ಹೇಳಿದ್ರಂತಲ್ಲ, ಹೆದರ್ಕೊಂಡೇ ಒಳಗೆ ಹೋಗಬೇಕು, ಹೆದರಿಕೆ ಹೋಗೋ ತನಕ ಕಾಯ್ತಾ ನಿಂತ್ರೆ ಹೊರಗೇ ಉಳೀತೀವಿ ಅಂತ. ಇವನು ಬಂದು ನಂಗದನ್ನ ಹೇಳಿದ. ಮಾರನೇ ದಿನವೇ ಹೋಗಿ ಸೇರ್ಕೊಂಡೆ."

"ನಾನು ಹೇಳಿದ್ನಾ?" ಎಂದರು ಲೇಖಕಿ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿ ತಲೆಯೆತ್ತಿದಳು. ಪ್ರೆಸ್ಸಿನ ಮಾಮನ ಬಾಯಿ ಅರೆತೆರೆದೇ ಉಳಿಯಿತು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡಳು ಮಗಳು. ಅಪ್ಪನನ್ನು ಸುಳ್ಳುಗಾರನೆಂದು ಕರೆಯುತ್ತ ಇವರೆಲ್ಲ ಸ್ಮಶಾನದ ತನಕ ಹೊತ್ತೊಯ್ಯುತ್ತಾರೆ.

ಲೇಖಕಿ ಸುತ್ತ ನೋಡಿದರು. ಅವರ ಕಣ್ಣು ಗೋಡೆಗೆ ಅಂಟಿ ನಿಂತಿದ್ದವಳ ಮೇಲೆ ನಿಂತಿತು.

"ನೀನು ಮಗಳಾ? ಸ್ವಲ್ಪ ನೀರು ಬೇಕಿತ್ತು," ಎಂದು ಅವಳಿಗಿಂತ ಮೊದಲೇ ಅಡುಗೆಮನೆಯ ಕಡೆ ಹೊರಟರು.

ಒಳಗೆ ಹೋದವರು ಬಾಗಿಲು ಮುಂದೆ ಮಾಡಿದರು. ಅವಳು ಕೊಟ್ಟ ನೀರಿನ ಲೋಟ ತೆಗೆದುಕೊಂಡರು. ಕುಡಿಯದೆ ಕಟ್ಟೆಯ ಮೇಲಿಟ್ಟರು.

"ಬೆಳಿಗ್ಗೆ ಫೋನ್ ಬಂತು," ಎಂದರು ತಗ್ಗಿದ ದನಿಯಲ್ಲಿ. "ಮೂವತ್ತು ವರ್ಷದ ಸ್ನೇಹಿತರು ಹೋದ್ರು ಅಂದ್ರು. ನಂಗೆ ಅಂಥ ಸ್ನೇಹಿತರು ನೆನಪೇ ಇಲ್ಲ. ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು. ಮೊದಲು ಜನ ಮರೆತುಹೋದ್ರು, ಆಮೇಲೆ ಮಾತು. ಕೊನೆಗೆ ಕನ್ನಡಿ ನೋಡಿದ್ರೆ ಯಾರೋ ಬಂದಿದ್ದಾರೆ ಅಂತ ಕಿರುಚ್ತಿದ್ಲು. ಮುಖ ನೋಡಿದ್ರಾದ್ರೂ ನೆನಪಾಗುತ್ತೇನೋ ಅಂತ ಬಂದೆ. ಮುಖವೂ ಗುರುತು ಸಿಗ್ತಿಲ್ಲ. ಆಪರೇಷನ್ ಆದವರು ಹೇಳಿದ ಮಾತು ಕೇಳಿದ್ರೆ, ಹೌದು, ಅದು ನಾನೇ ಹೇಳಿರಬಹುದು ಅನ್ಸುತ್ತೆ. ಹೇಳಿದ್ದು ನೆನಪಿಲ್ಲ." ಅವರು ಅವಳ ಮಣಿಕಟ್ಟು ಹಿಡಿದರು. "ನಿಜ ಹೇಳು ಮಗಳೇ. ನಿಮ್ಮಪ್ಪ ನಂಗೆ ಗೊತ್ತಿದ್ರಾ?"

ಅವಳು ಅವರ ಮುಖ ನೋಡಿದಳು. ಒಣಗಿದ ತುಟಿ. ಅಗಲವಾದ ಕಣ್ಣು. ಹೌದು, ನಿಮಗೆ ವಯಸ್ಸಾಯಿತು, ಮರೆತಿದ್ದೀರಿ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅಪ್ಪ ಉಳಿಯುತ್ತಿದ್ದ, ಅಮ್ಮ ಉಳಿಯುತ್ತಿದ್ದಳು. ಬಾಗಿಲಾಚೆ ಅಮ್ಮ ಯಾರಿಗೋ, ಪಾಪ, ಅವರಿಗೆ ತುಂಬ ದುಃಖವಾಗಿದೆ ಎನ್ನುವುದು ಕೇಳುತ್ತಿತ್ತು. ಆದರೆ ಆ ಮುದುಕಿ ರಾತ್ರಿಗಳೆಲ್ಲ ಕನ್ನಡಿಗೆ ಹೆದರುತ್ತ ಕೂರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತಾಯಿತು.

"ಇಲ್ಲ," ಎಂದಳು. "ನೀವು ಏನೂ ಮರೆತಿಲ್ಲ. ಅಪ್ಪ ನಿಮ್ಮನ್ನ ಭೇಟಿ ಮಾಡೇ ಇಲ್ಲ."

ಉಳಿದದ್ದು ತುಂಡು ತುಂಡಾಗಿ ಹೊರಬಿತ್ತು: ಬೆಂಚು, ಗೇಟು, ಪಾರ್ಕು, ಬಿಸ್ಕತ್ತು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ನಿನ್ನೆಯಿಂದ ಬಾರದಿದ್ದ ಅಳು. ಲೇಖಕಿ ಮೂಲೆಯ ಸ್ಟೂಲಿನ ಮೇಲೆ ಕುಸಿದು ಕೂತು ಕಣ್ಣು ಮುಚ್ಚಿದರು. ಅವರ ಎದೆ ಏರಿಳಿಯುವುದು ಕಾಣುತ್ತಿತ್ತು. ನನ್ನ ತಲೆ ನೆಟ್ಟಗಿದೆ ಎಂದು ತಮಗೆ ತಾವೇ ಎರಡು ಸಲ ಹೇಳಿಕೊಂಡರು. ಆಮೇಲೆ ಲೋಟ ಎತ್ತಿ ಒಂದೇ ಗುಕ್ಕಿಗೆ ನೀರು ಕುಡಿದರು.

"ಹಸಿರು ಗೇಟಿನ ಮನೆ," ಎಂದರು. "ಆಗ ನಾನು ತುಂಬ ಕೆಟ್ಟೋಳು. ಬಂದೋರನ್ನ ಮೆಟ್ಟಿಲ ಮೇಲೇ ನಿಲ್ಲಿಸಿ ಬೈದು ಅಟ್ತಿದ್ದೆ. ನಿಮ್ಮಪ್ಪನ್ನೂ ಅಟ್ತಿದ್ದೆ." ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟು, "ಬಿಸ್ಕತ್ತಂತೂ ಸುಳ್ಳೇ ಸುಳ್ಳು," ಎಂದರು.

ಅಮ್ಮನಿಗೆ ಹೇಳಬೇಡಿ ಎಂದು ಅವಳು ಬೇಡಿಕೊಂಡಳು. ಅವರು ಕೋಲಿಗೆ ಕೈಚಾಚಿ ಮೆಲ್ಲಗೆ ಎದ್ದರು.

"ಬರೆಯೋವಾಗ ಎಷ್ಟು ಬೇಕಾದ್ರೂ ಸುಳ್ಳು ಹೇಳ್ತೀನಿ. ಜನರ ಎದುರಿಗೆ ನಿಂತು ಹೇಳೋಕೆ ಬರಲ್ಲ ನಂಗೆ," ಎಂದು ಬಾಗಿಲು ತೆರೆದು ಹೊರಗೆ ಹೋದರು.

*

ಶವದ ಗಾಡಿ ಬಂದು ನಿಂತಿತ್ತು. ಹೊರಡುವ ಮುಂಚೆ ಲೇಖಕಿ ಎರಡು ಮಾತಾಡಲಿ ಎಂದು ಹೊರಗಿನವರು ಹೇಳಿಕಳಿಸಿದ್ದರು. ಅಮ್ಮನೇ ಎದ್ದು ನಿಂತು ಕೇಳಿಕೊಂಡಳು. ಬೀದಿಯ ಜನ ಬಾಗಿಲಿಗೂ ಕಿಟಕಿಗೂ ಮುತ್ತಿದರು. ಗಣಿತದ ಟೀಚರು ಚೆನ್ನಾಗಿ ಕೇಳಲೆಂದು ಹಿಂದಿದ್ದವರಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಮಗಳು ಅಡುಗೆಮನೆಯ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮರದ ಅಂಚು ಅಂಗೈಗೆ ಒತ್ತಿ ನೋಯುತ್ತಿದ್ದರೂ ಬಿಡಲಿಲ್ಲ.

ಲೇಖಕಿ ಜನರನ್ನು ನೋಡಿದರು. ಅಮ್ಮನನ್ನು ನೋಡಿದರು, ಬಹಳ ಹೊತ್ತು.

"ಮಾತಾಡ್ತೀನಿ," ಎಂದರು. "ಆದ್ರೆ ನಿಮ್ಮ ಹತ್ರ ಅಲ್ಲ, ಇವರ ಹತ್ರ. ನಮ್ಮಿಬ್ಬರ ಮಾತು ಬಾಕಿ ಇದೆ. ಸ್ವಲ್ಪ ಹೊತ್ತು ನಮ್ಮನ್ನ ಬಿಡ್ತೀರಾ?"

ಜನ ಒಬ್ಬೊಬ್ಬರಾಗಿ ಹೊರಗೆ ನಡೆದರು. ಅಮ್ಮ ಅಪ್ಪನ ಅಂಗಿಯ ಕಾಲರು ಸರಿಮಾಡಿ, ನೆಂಟರನ್ನು ಕೂರಿಸಿ ಹೋಗುವವಳಂತೆ ಸದ್ದಿಲ್ಲದೆ ಆಚೆ ಬಂದಳು. ಕೊನೆಯಲ್ಲಿ ಮಗಳು ಬಂದು ಬಾಗಿಲೆಳೆದುಕೊಂಡಳು. ಹಳೆಯ ಬಾಗಿಲು, ಪೂರ್ತಿ ಕೂರದೆ ಬೆರಳಗಲ ಸಂದು ಉಳಿಯಿತು. ಅಲ್ಲಿಂದ ಹೋಗಬೇಕೆಂದುಕೊಂಡರೂ ಅವಳಿಗೆ ಹೋಗಲಾಗಲಿಲ್ಲ.

ಒಳಗೆ ಲೇಖಕಿ ಕುರ್ಚಿಯನ್ನು ಮಂಚದ ಪಕ್ಕಕ್ಕೆ, ಮೊಣಕಾಲು ತಾಗುವಷ್ಟು ಹತ್ತಿರಕ್ಕೆ ಎಳೆದು ಕೂತರು. ಏನೋ ಹೇಳತೊಡಗಿದರು. ದನಿ ಕೇಳಿಸಲಿಲ್ಲ. ಬಾಯಿ ಆಡುವುದು, ತೋರುಬೆರಳು ಮೇಲೇರಿ ಇಳಿಯುವುದು ಕಾಣುತ್ತಿತ್ತು. ಬೈಯುತ್ತಿದ್ದರೋ ಏನೋ. ಹೊರಗೆ ಗಾಡಿಯವನು ಎಂಜಿನ್ ಶುರುಮಾಡಿ, ಯಾರೋ ಗದರಿದ್ದಕ್ಕೆ ಆರಿಸಿದ. ಲೇಖಕಿ ಮಾತು ನಿಲ್ಲಿಸಿದರು. ಬೆರಳು ಮಡಚಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಕಿವಿಯನ್ನು ಅಪ್ಪನ ಬಾಯಿಯ ಹತ್ತಿರಕ್ಕೆ ತಂದು ಕಾದರು.